ಮೂವತ್ತೆರಡೋ ಮೂವತ್ತಮೂರೋ?

“ಈ ಮೂವತ್ತಮೂರು ಯಾರ ಕೈಚಳಕ?”

ಬಿಲ್ಲಿಂಗ್ ಕೋಣೆಯ ಬಾಗಿಲು ಗೋಡೆಗೆ ಬಡಿದ ರಭಸಕ್ಕೆ ಮೊಳೆಯಲ್ಲಿದ್ದ ಕ್ಯಾಲೆಂಡರ್ ನೆಲಕ್ಕೆ ಬಿತ್ತು. ಯಾರೂ ಎತ್ತಲು ಹೋಗಲಿಲ್ಲ. ಬಾಗಿಲಲ್ಲಿ ನಿಂತವಳನ್ನು ನೋಡಿದರೆ ಬಗ್ಗುವ ಧೈರ್ಯವೇ ಬರುವಂತಿರಲಿಲ್ಲ.

ಬಂದರಿನಲ್ಲಿ ಕ್ರೇನ್ ಓಡಿಸುವ ಹೆಂಗಸು. ಎತ್ತರದ ಆಳು. ಕಂಕುಳಲ್ಲಿ ಹಳದಿ ಹೆಲ್ಮೆಟ್, ಕೈಯಲ್ಲಿ ಮುದುಡಿದ ಬಿಲ್ಲು. ಬೆನ್ನ ಹಿಂದೆ ಗಂಡ. ಅವನದು ಬಂದರಿನ ಗೇಟಿನೆದುರು ಸಲೂನು. ಜೇಬಿನಲ್ಲಿ ಬಾಚಣಿಗೆ, ಅಳತೆಪಟ್ಟಿ ಇಟ್ಟು ಎಳೆದಂಥ ಕಿವಿಪಕ್ಕದ ಕೂದಲು. ಮುಖ ಮಾತ್ರ ಸೋಪಿನ ನೊರೆಯಷ್ಟು ಬಿಳಿ.

“ಇಲ್ಲಿ ಡೈಲಾಗ್ ಅಂದ್ರೆ ಯಾರು?”

ಕೋಣೆಯಲ್ಲಿದ್ದವರೆಲ್ಲ ಒಂದೇ ಕಡೆಗೆ ತಿರುಗಿದರು. ಕಿಟಕಿ ಪಕ್ಕದ ಮೇಜಿನ ಹುಡುಗ ನಿಧಾನಕ್ಕೆ ಎದ್ದು ನಿಂತ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಅವನು ಡೈಲಾಗ್, ಬಿಲ್ಲಿನ ಕೆಳಗೆ ಅಚ್ಚಾಗುವ ಹೆಸರೂ ಅದೇ. ಕಾಫಿ ಬೇಕಾದರೂ ಸಿನಿಮಾ ಹೀರೋ ಸೇಡು ತೀರಿಸಿಕೊಳ್ಳುವ ದನಿಯಲ್ಲೇ ಕೇಳುವವನು.

“ನಾನೇ ಅಕ್ಕಾ. ಹೊಡೆಯೋದಾದ್ರೆ ಮುಖ ಬಿಟ್ಟು ಹೊಡೀರಿ. ಮುಂದೆ ಅದರಿಂದಲೇ ಬದುಕಬೇಕು.”

“ಹಲ್ಲು ಕಿರೀಬೇಡ. ಈ ಬಿಲ್ಲಿನ ಮೇಲೆ ನಿನ್ನ ಹೆಸರಿದೆ. ಎಫ್ ಮೂವತ್ತಮೂರು ಅಂದ್ರೆ ಏನು?”

ಡಾಕ್ಟರು ಬರೆದ ಟಿಪ್ಪಣಿ ಓದಿ, ಕಾಯಿಲೆಗೆ ತಕ್ಕ ಕೋಡ್ ಹುಡುಕಿ ಬಿಲ್ಲಿಗೆ ಹಾಕುವುದು ಅವನ ಕೆಲಸ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

“ಖಿನ್ನತೆ. ಒಂದ್ಸಲ ಬಂದು, ಪೂರ್ತಿ ಹೋಗಿ, ಮತ್ತೆ ಬಂದಿದ್ದು.”

“ಮೂವತ್ತೆರಡು?”

“ಅದೂ ಖಿನ್ನತೇನೇ. ಆದ್ರೆ ಒಂದೇ ಸಲದ್ದು. ಎರಡೂ ಅಕ್ಕಪಕ್ಕದ ಮನೆ ಅಕ್ಕಾ.”

“ಅಕ್ಕಪಕ್ಕದ ಮನೆ!” ಅವಳು ಬಿಲ್ಲನ್ನು ಮೇಜಿನ ಮೇಲೆ ಬಡಿದಳು. “ಆ ಮನೇಲಿದ್ರೆ ಡಾಕ್ಟ್ರು ಹೂಂ ಅಂದ ದಿನ ಕ್ರೇನ್ ಹತ್ತಬಹುದು. ಈ ಮನೇಲಿದ್ರೆ ಜನ್ಮದಲ್ಲಿ ಹತ್ತೋ ಹಾಗಿಲ್ಲ. ಬಂದರಿನವರ ರೂಲು. ಇಷ್ಟು ದಿನ ಎಲ್ಲಾ ಬಿಲ್ಲಲ್ಲೂ ಮೂವತ್ತೆರಡು. ಇದೊಂದರಲ್ಲಿ ಮೂವತ್ತಮೂರು! ನಾಳೆ ಬೆಳಿಗ್ಗೆ ಅವರ ಕಮಿಟಿ ನನ್ನ ಕೆಲಸದ ತೀರ್ಮಾನ ಮಾಡುತ್ತೆ. ಗೊತ್ತಾ ನಿಂಗೆ?”

ಡೈಲಾಗ್ ಬಿಲ್ಲು ಎತ್ತಿಕೊಂಡ. ಓದಿದ. ಮತ್ತೊಮ್ಮೆ ಓದಿದ.

“ನಾನು ಹಾಕಿದ್ದು ಮೂವತ್ತೆರಡೇ. ಆಣೆಗೂ.”

“ನಿನ್ನ ಆಣೆ ಯಾರಿಗೆ ಬೇಕು ಮಾರಾಯಾ?” ಎಂದಳು ಕ್ಯಾಷ್ ಕೌಂಟರಿನಾಕೆ. “ಹೋದ ವಾರ ನನ್ನ ಕುರ್ಚಿಗೆ ‘ಚಿಲ್ಲರೆ ಕಂಡರೆ ಬರುವ ಸಿಡುಕು, ತೀವ್ರ’ ಅಂತ ಚೀಟಿ ಅಂಟಿಸಿದ್ದು ಯಾರು?”

ಅಂಟಿಸಿದ್ದು ಅವನೇ. ಹೋದ ವಾರ ಇಡೀ ಕಚೇರಿಗೆ ಒಬ್ಬೊಬ್ಬರಿಗೊಂದು ಕಾಯಿಲೆ, ಕಾಯಿಲೆಗೊಂದು ಕೋಡ್ ದಯಪಾಲಿಸಿದ್ದ. ಕೋಡ್ ತಪಾಸಣೆ ಮಾಡುವ ಮೇಷ್ಟ್ರ ಕುರ್ಚಿಗೆ ‘ಗಾಂಭೀರ್ಯ, ಮರುಕಳಿಸುವ ಬಗೆ, ಗುಣವಾಗದು’ ಎಂದು ಬರೆದಿದ್ದ. ಆಗ ಎಲ್ಲರೂ ನಕ್ಕಿದ್ದರು. ಈಗ ಆ ನಗುವೇ ಸಾಕ್ಷಿ ಹೇಳಲು ಬಂದು ನಿಂತಂತಿತ್ತು.

“ಓಹೋ, ತಮಾಷೇನಾ?” ಕ್ರೇನಿನ ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. “ನನ್ನ ಹೊಟ್ಟೆ ಮೇಲೆ ಹೊಡೆದು ತಮಾಷೆ ಮಾಡಿದ್ಯಾ?”

“ಇಲ್ಲ ಅಕ್ಕಾ! ನಾನು ಕಾಮಿಡಿ ಪೀಸು, ಒಪ್ಕೋತೀನಿ. ವಿಲನ್ ಅಲ್ಲ.”

“ಲೋ. ಬಾಯಿ ಮುಚ್ಚು. ಕುರ್ಚಿ ಕೊಡು ಅವರಿಗೆ.”

ಗಾಜಿನ ಕೋಣೆಯ ಬಾಗಿಲು ತೆರೆದು ಎಕ್ಸ್‌ರೇ ಮೇಡಂ ಹೊರಬಂದರು. ಬಿಲ್ಲಿಗೂ ಡಾಕ್ಟರ ಟಿಪ್ಪಣಿಗೂ ತಾಳೆಯಾಗುತ್ತದೆಯೋ ಇಲ್ಲವೋ ಎಂದು ಲೆಕ್ಕ ಪರಿಶೋಧಿಸುವವರು. ಗುಂಡಗಿನ ಕನ್ನಡಕ, ಗಿಡ್ಡ ಆಕಾರ, ಯಾರನ್ನೇ ನೋಡಿದರೂ ಮೂಳೆಯವರೆಗೆ ನೋಡುವ ನೋಟ. ಕಚೇರಿಗೆ ಮೇಡಂ, ಡೈಲಾಗ್‌ಗೆ ಸೋದರತ್ತೆ. ಅವನ ಊಟ, ವಾಸ, ಬೈಗುಳ ಮೂರೂ ಆಕೆಯ ಮನೆಯಲ್ಲೇ.

“ಅತ್ತೆ, ನೀನಾದ್ರೂ ಹೇಳು—”

“ಇಲ್ಲಿ ಅತ್ತೆ ಇಲ್ಲ. ಮೇಡಂ. ಕುರ್ಚಿ ಅಂದೆ.”

ಕುರ್ಚಿ ಬಂತು. ಕ್ರೇನಿನ ಅಕ್ಕ ಕೂತಳು. ಅವಳ ಕೊರಳಲ್ಲಿ ಬಂದರಿನ ಗುರುತಿನ ಚೀಟಿ ತೂಗುತ್ತಿತ್ತು. ಅದರ ಫೋಟೋದಲ್ಲಿ ಭುಜದ ಮೇಲಿಂದ ಇಳಿದ ಹೆಬ್ಬಾವಿನಂಥ ಜಡೆ. ಈಗ ತಲೆಯಲ್ಲಿದ್ದದ್ದು ಎರಡು ಬೆರಳುದ್ದದ ಕೂದಲು. ಬಲಗಿವಿಯ ಹಿಂದೆ ಅದೂ ಇಲ್ಲ, ಇಲಿ ಕಡಿದಂತೆ ಮೊಂಡು ಮೊಂಡು.

ಬೆವರುತ್ತಿದ್ದರೂ ಡೈಲಾಗ್‌ನ ಬಾಯಿ ಸುಮ್ಮನಿರಲಿಲ್ಲ. “ಅಕ್ಕಾ, ಕಟಿಂಗ್ ಸೂಪರ್. ಮೂರನೇ ಫೈಟಲ್ಲಿ ಹೀರೋಯಿನ್ ಪೊಲೀಸ್ ಆಗ್ತಾಳಲ್ಲ, ಆ ಸ್ಟೈಲು.”

“ಸೆಖೆ ಅಂತ ಕತ್ತರಿಸ್ಕೊಂಡ್ಲು,” ಎಂದ ಗಂಡ, ಯಾರೂ ಕೇಳದೆಯೇ. ಹೇಳಿ ಡೈಲಾಗ್‌ನ ತಲೆಯನ್ನೇ ನೋಡಿದ. “ನಿಂದು ಬೈತಲೆ ಒಂದು ಕಾಳಿನಷ್ಟು ಎಡಕ್ಕೆ ಹೋಗಿದೆ ತಮ್ಮಾ. ಯಾರು ಕತ್ತರಿಸಿದ್ದು? ಕೈ ಮುಗಿಯಬೇಕು ಅವನಿಗೆ.”

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು, ಕುರ್ಚಿಯ ಹಿಂದೆ ಹೋಗಿ ನಿಂತು, ಕಂಪ್ಯೂಟರಿನ ಕಡೆ ಕೈ ತೋರಿಸಿದರು. “ತೆಗಿ. ಆ ಬಿಲ್ಲಿನ ಇತಿಹಾಸ ನೋಡೋಣ.”

ಪರದೆ ಕಕ್ಕಿದ ಸತ್ಯ ಇಷ್ಟೇ. ಮಂಗಳವಾರ ಎಫ್ ಮೂವತ್ತೆರಡು. ಬುಧವಾರ ಅದನ್ನು ಅಳಿಸಿ ಎಫ್ ಮೂವತ್ತಮೂರು. ಎರಡೂ ಸಲ ಹೆಸರು ಡೈಲಾಗ್‌ನದೇ.

“ನೋಡಿದ್ರಾ?” ಎಂದಳು ಕ್ಯಾಷ್ ಕೌಂಟರಿನಾಕೆ.

“ನೋಡ್ದೆ,” ಎಂದರು ಮೇಡಂ. “ಮಂಗಳವಾರ ಮೂವತ್ತೆರಡು ಯಾಕೆ ಹಾಕಿದೆ?”

“ಅದು… ಹಳೇ ಬಿಲ್ಲುಗಳಲ್ಲೆಲ್ಲ ಮೂವತ್ತೆರಡಿತ್ತು. ಅದನ್ನೇ ಒತ್ತಿದೆ.”

“ಡಾಕ್ಟ್ರ ಹೊಸ ಟಿಪ್ಪಣಿ ಓದಿದ್ಯಾ?”

“ಟ್ರೇಲರ್ ನೋಡ್ದೆ.”

“ಅಂದ್ರೆ ಓದಿಲ್ಲ. ಬುಧವಾರ ನಿನ್ನ ಕಂಪ್ಯೂಟರ್ ಬಿಟ್ಟು ಎಲ್ಲಿಗೆ ಹೋಗಿದ್ದೆ?”

ಡೈಲಾಗ್ ತಲೆ ಕೆರೆದ. ಉತ್ತರ ಬಾಗಿಲ ಕಡೆಯಿಂದ ಬಂತು.

“ಕಾಫಿ ಮಷಿನ್ ಹತ್ರ. ಯಾರಿಗೋ ಕ್ಲೈಮ್ಯಾಕ್ಸ್ ಅಭಿನಯಿಸಿ ತೋರಿಸ್ತಿದ್ದ. ಸಾಯೋಕೇ ಅರ್ಧ ಗಂಟೆ ತಗೊಂಡ.”

ಊಟ ಮುಗಿಸಿ ಬಂದ ಮೇಷ್ಟ್ರು, ಬಾಗಿಲಲ್ಲಿ ಬಿದ್ದಿದ್ದ ಕ್ಯಾಲೆಂಡರ್ ಎತ್ತಿ ಮೊಳೆಗೆ ಸಿಕ್ಕಿಸುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಎಲ್ಲರ ಕೋಡನ್ನೂ ತಿದ್ದುತ್ತಾರೆಂದು ಆ ಹೆಸರು. ಡೈಲಾಗ್ ಕಣ್ಣು ಕಿರಿದಾಗಿಸಿದ. ಗಾಂಭೀರ್ಯದ ಚೀಟಿ! ಸೇಡು! ಇಂಟರ್ವಲ್‌ಗೆ ಮುಂಚೆಯೇ ವಿಲನ್ ಸಿಕ್ಕನಲ್ಲ!

“ಮೇಷ್ಟ್ರೇ,” ಮೇಡಂ ಕೇಳಿದರು, “ಇದನ್ನ ಮೂವತ್ತಮೂರು ಮಾಡಿದ್ದು ಯಾರು?”

“ನಾನೇ. ಯಾಕೆ?”

ಡೈಲಾಗ್‌ಗೆ ಎಲ್ಲಿಲ್ಲದ ನಿರಾಸೆ. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ವಿಲನ್ನನ್ನು ಅವನು ಯಾವ ಸಿನಿಮಾದಲ್ಲೂ ನೋಡಿರಲಿಲ್ಲ.

“ನೀವಾ! ಮತ್ತೆ ನನ್ನ ಹೆಸರು?”

“ನನ್ನ ಕಂಪ್ಯೂಟರ್ ರಿಪೇರಿಗೆ ಹೋಗಿತ್ತು. ನಿಂದು ತೆರೆದು ಬಿದ್ದಿತ್ತು. ಕೆಲಸ ನಿಲ್ಲಬಾರದು ಅಂತ ಅದರಲ್ಲೇ ತಿದ್ದಿದೆ. ನನ್ನ ಹೆಸರಲ್ಲಿ ಒಳಗೆ ಹೋಗಬೇಕಿತ್ತು. ತಪ್ಪಾಯ್ತು. ಆದ್ರೆ ಕೋಡ್ ತಪ್ಪಲ್ಲ.”

“ಹೇಗೆ ತಪ್ಪಲ್ಲ?” ಕ್ರೇನಿನ ಅಕ್ಕ ಎದ್ದಳು.

ಮೇಷ್ಟ್ರು ಅವಳನ್ನು ಕೂರಲು ಕೈಸನ್ನೆ ಮಾಡಿದರು. ದನಿ ಏರಿಸಲಿಲ್ಲ. “ನೋಡಮ್ಮ. ಹೋದ ವರ್ಷ ನೀವು ಮನಸ್ಸು ಸರಿಯಿಲ್ಲ ಅಂತ ಬಂದ್ರಿ. ಔಷಧ ತಗೊಂಡ್ರಿ. ಆಮೇಲೆ ಮೂರು ತಿಂಗಳು ಬರಲೇ ಇಲ್ಲ. ಈಗ ಮತ್ತೆ ಬಂದಿದ್ದೀರಿ. ಮಧ್ಯೆ ಎರಡು ತಿಂಗಳಾದ್ರೂ ಪೂರ್ತಿ ಚೆನ್ನಾಗಿದ್ರೆ ಅದು ಎರಡನೇ ಸಲ ಅಂತ ಲೆಕ್ಕ. ಎರಡನೇ ಸಲ ಅಂದ್ರೆ ಮೂವತ್ತಮೂರು. ನನಗೆ ನಿಮ್ಮ ಮೇಲೆ ದ್ವೇಷ ಇಲ್ಲ. ಈ ಹುಡುಗನ ಮೇಲೆ ಸ್ವಲ್ಪ ಇದೆ, ಆದ್ರೆ ಅದನ್ನ ಬಿಲ್ಲಲ್ಲಿ ತೀರಿಸ್ಕೊಳ್ಳಲ್ಲ.”

“ಮಧ್ಯೆ ಚೆನ್ನಾಗಿದ್ರು ಅಂತ ನಿಮಗೆ ಹೇಗೆ ಗೊತ್ತು?” ಮೇಡಂ ಕೇಳಿದರು. “ಮೂರು ತಿಂಗಳು ಟಿಪ್ಪಣಿ ಖಾಲಿ ಇತ್ತಲ್ಲ?”

“ಟಿಪ್ಪಣಿಯಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ. ನೀವೇ ಕಲಿಸಿದ ಪಾಠ ಮೇಡಂ.”

“ನಾನು ಕಲಿಸಿದ್ದು, ಬರೆಯದ ಕಾಯಿಲೆಗೆ ಕೋಡ್ ಹಾಕಬೇಡಿ ಅಂತ. ಬರೆಯದ ಆರೋಗ್ಯಕ್ಕೆ ಹಾಕಿ ಅಂತ ಹೇಳಿದ್ನಾ?”

ಮೇಷ್ಟ್ರು ಪರದೆಯ ಕಡೆ ಬೆರಳು ಮಾಡಿದರು. “ಇಲ್ಲ. ಆದ್ರೆ ಹೊಸ ಟಿಪ್ಪಣಿ ಓದಿ. ಡಾಕ್ಟ್ರಮ್ಮ ಸ್ಪಷ್ಟವಾಗಿ ಬರೆದಿದ್ದಾರೆ.”

ಮೇಡಂ ಓದಿದರು. ‘ಮಧ್ಯದ ತಿಂಗಳುಗಳಲ್ಲಿ ಪೂರ್ತಿ ಚೆನ್ನಾಗಿದ್ದೆ ಎನ್ನುತ್ತಾರೆ. ಕೆಲವು ವಾರಗಳಿಂದ ಮತ್ತೆ ಮಂಕು.’ ಅಷ್ಟೇ ಇತ್ತು. ಆದರೆ ಅಷ್ಟು ಸಾಕಾಗಿತ್ತು.

“ಸರಿ. ಕೈ ಸಿಕ್ತು,” ಎಂದರು ಮೇಡಂ ಕನ್ನಡಕ ಮೇಲೇರಿಸಿ. “ಕಳ್ಳ ಇನ್ನೂ ಸಿಕ್ಕಿಲ್ಲ.”

ಗಂಡ-ಹೆಂಡತಿ ಇಬ್ಬರನ್ನೂ ಮೇಡಂ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಆಸ್ಪತ್ರೆಯ ಉದ್ದ ಮೊಗಸಾಲೆ. ಕಾಯುತ್ತಿದ್ದವರಲ್ಲಿ ಅರ್ಧ ಜನ ಫೋನು ನೋಡುತ್ತಿದ್ದರು, ಉಳಿದರ್ಧ ಅವರ ಫೋನನ್ನು ನೋಡುತ್ತಿದ್ದರು. ಮೇಡಂ ದಂಪತಿಯ ಎದುರಿಗೊಂದು ಸ್ಟೂಲ್ ಎಳೆದುಕೊಂಡರು. ಡೈಲಾಗ್ ಕಂಬಕ್ಕೆ ಒರಗಿ ನಿಂತ.

“ಆ ಮೂರು ತಿಂಗಳು ಹೇಗಿದ್ರಿ?”

“ಚೆನ್ನಾಗೇ ಇದ್ದೆ.”

“ಚೆನ್ನಾಗೇ ಇದ್ಲು.”

ಇಬ್ಬರೂ ಒಟ್ಟಿಗೇ ಹೇಳಿದರು. ಹಿಮ್ಮೇಳದ ಹಾಡಿನಷ್ಟು ಒಟ್ಟಿಗೆ.

“ಆಗ ಕೆಲಸಕ್ಕೆ ಹೋಗ್ತಿದ್ರಾ?”

“ಕೆಲಸ ಎಲ್ಲಿತ್ತು? ಬಂದರಿನ ಹೂಳು ತೆಗೀತಿದ್ರು. ಹಡಗೇ ಇಲ್ಲ. ಕ್ರೇನಿನೋರಿಗೆಲ್ಲ ರಜೆ.”

“ಮನೇಲಿ ಏನು ಮಾಡ್ತಿದ್ರಿ?”

“ಗೋಡೆಗೆ ಬಣ್ಣ ಹೊಡೆದೆ. ಈಜೋಕೆ ಹೋಗ್ತಿದ್ದೆ. ಬೆಳಗಾಗೆದ್ದು…” ಅವಳು ನಿಲ್ಲಿಸಿದಳು. “ಫಸ್ಟ್ ಕ್ಲಾಸ್ ಆಗಿದ್ದೆ ಮೇಡಂ. ಒಂದು ದಿನಾನೂ ಬೇಜಾರಿಲ್ಲ.”

“ಯಾವ ಬಣ್ಣ?”

“ಆಂ?”

“ಗೋಡೆಗೆ.”

“ನೀಲಿ,” ಎಂದಳು ಅವಳು. “ಬಿಳಿ,” ಎಂದ ಗಂಡ. “ನೀಲಿ ಕಲಸಿದ ಬಿಳಿ,” ಎಂದು ಸೇರಿಸಿದ.

ಡೈಲಾಗ್‌ನ ಬಾಯಿ ತೆರೆಯಿತು. ಅತ್ತೆ ತಿರುಗದೆಯೇ ಬೆರಳೆತ್ತಿದರು. ಅವನ ಬಾಯಿ ಮುಚ್ಚಿತು.

“ನಿಮ್ಮ ಸಲೂನು ಆಗ ದಿನವಿಡೀ ತೆರೆದಿರ್ತಿತ್ತಾ?”

“ಇಲ್ಲಮ್ಮ. ಮಧ್ಯಾಹ್ನ ಮುಚ್ಚಿ ಮನೆಗೆ ಹೋಗ್ತಿದ್ದೆ.”

“ಊಟ ಮಾಡೋಕೆ?”

“ಮಾಡ್ಸ…” ಗಂಡ ಕೆಮ್ಮಿದ. “ಹೌದು, ಮಾಡೋಕೆ.”

ಕ್ರೇನಿನ ಅಕ್ಕ ತೊಡೆಯ ಮೇಲಿನ ಹೆಲ್ಮೆಟ್ಟನ್ನೇ ನೋಡುತ್ತಿದ್ದಳು. “ಮೇಡಂ, ಇಷ್ಟೆಲ್ಲಾ ಯಾಕೆ? ನಾನು ಗಟ್ಟಿಯಾಗಿದ್ದೆ ಅಂತ ಬರ್ಕೊಡಿ. ನಾಳೆ ಕಮಿಟಿಯೋರಿಗೆ ತೋರಿಸ್ತೀನಿ. ಅಷ್ಟು ಎತ್ತರಕ್ಕೆ ಹತ್ತಿ ಕೂತ್ರೆ ಮಾತ್ರ ನಂಗೆ ಉಸಿರಾಡೋಕಾಗೋದು. ಕೆಳಗಡೆ ಎಲ್ಲಾ ಇಕ್ಕಟ್ಟು. ನಂಗೆ ಬೇರೆ ಏನೂ ಬರಲ್ಲ.”

ಮೇಡಂ ಎದ್ದರು. ಹತ್ತು ಹೆಜ್ಜೆ ನಡೆದು ತಿರುವಿಗೆ ಬರುತ್ತಿದ್ದಂತೆ ಡೈಲಾಗ್ ಅವರ ಸೆರಗು ಹಿಡಿದ.

“ಅತ್ತೆ! ಸುಳ್ಳು! ಹಸೀ ಸುಳ್ಳು! ಆ ಗೋಡೆಗೆ ಬಣ್ಣಾನೇ ಬಿದ್ದಿಲ್ಲ.”

“ಗೊತ್ತು.”

“ಅಂದ್ರೆ ಆ ಮೂರು ತಿಂಗಳೂ ಕಾಯಿಲೆ ಇತ್ತು! ಮಧ್ಯೆ ವಾಸಿನೇ ಆಗಿಲ್ಲ. ಹೋಗಿ ಬಂದಿದ್ದಲ್ಲ, ಹೋಗೇ ಇಲ್ಲ! ಒಂದೇ ಸಲದ್ದು! ಮೂವತ್ತೆರಡು!”

“ಹೌದು.”

“ಮತ್ತೆ ಹೇಳೋಣ ಅವಳಿಗೆ! ‘ಅಕ್ಕಾ, ಗಟ್ಟಿಯಾಗಿದ್ದೆ ಅಂದ್ರೆ ಮುಳುಗ್ತೀಯ. ಮಲಗಿದ್ದೆ ಅನ್ನು, ತೇಲ್ತೀಯ’ ಅಂತ. ಎರಡು ನಿಮಿಷದ ಕೆಲಸ!”

ಮೇಡಂ ನಿಂತರು. ಸೆರಗನ್ನು ಅವನ ಮುಷ್ಟಿಯಿಂದ ಬಿಡಿಸಿಕೊಂಡರು.

“ಹೇಳಿದ್ಮೇಲೆ ಅವಳು ಆಡೋ ಮಾತು ನಿಜಾನೋ, ಕ್ರೇನಿನ ಆಸೇನೋ? ಯಾರು ಹೇಳ್ತಾರೆ?”

ಡೈಲಾಗ್ ಬೆಂಚಿನ ಕಡೆ ತಿರುಗಿ ನೋಡಿದ.

“ನಾವು ಪ್ರಶ್ನೆ ಕೇಳಬಹುದು ಕಣೋ. ಉತ್ತರ ಬಾಯಿಗೆ ತುರುಕೋ ಹಾಗಿಲ್ಲ. ತುರುಕಿದ್ರೆ ಮೂವತ್ತೆರಡೂ ಸುಳ್ಳು, ಮೂವತ್ತಮೂರೂ ಸುಳ್ಳು. ಕಾಯಿಲೆ ಯಾವುದು ಅಂತ ತೀರ್ಮಾನ ಮಾಡೋದು ಡಾಕ್ಟ್ರು. ಅವರಿಗೆ ಹೇಳಬೇಕಾದೋಳು ಅವಳು.”

“ಅವಳು ಹೇಳದಿದ್ರೆ?”

“ಹೇಳದಿದ್ರೆ ಮೇಷ್ಟ್ರು ಹಾಕಿದ್ದೇ ಸರಿ.”

“ಅನ್ಯಾಯ ಅತ್ತೆ!”

“ಮೇಡಂ,” ಎಂದು ತಿದ್ದಿ ಅವರು ಡಾಕ್ಟರ ಬಾಗಿಲು ತಟ್ಟಿದರು.

ಡಾಕ್ಟ್ರಮ್ಮನ ಕೋಣೆ ಸಣ್ಣದು. ಮೇಜಿನ ಎದುರು ಜಾಗವಿಲ್ಲದ್ದರಿಂದ ರೋಗಿಯ ಕುರ್ಚಿಯನ್ನು ಮೇಜಿನ ಪಕ್ಕಕ್ಕೆ, ಗೋಡೆಗೆ ತಾಗಿಸಿ ಹಾಕಿದ್ದರು. ಕೂತವರ ಎಡಗೆನ್ನೆ ಡಾಕ್ಟರಿಗೆ, ಬಲಗೆನ್ನೆ ಗೋಡೆಗೆ. ಮೇಡಂ ಆ ಕುರ್ಚಿಯಲ್ಲಿ ಕೂತು, ಒಮ್ಮೆ ಡಾಕ್ಟರ ಕಡೆ, ಒಮ್ಮೆ ಗೋಡೆಯ ಕಡೆ ನೋಡಿದರು.

“ಕ್ರೇನಿನ ಹೆಂಗಸು ಇಲ್ಲೇ ಕೂರೋದಾ?”

“ಎಲ್ಲರೂ ಅಲ್ಲೇ. ಯಾಕೆ?”

“ಹೊಸದಾಗಿ ಬಂದಾಗ ಅವರಲ್ಲಿ ಏನು ಬದಲಾವಣೆ ನೋಡಿದ್ರಿ?”

“ಜಡೆ ತೆಗೆಸಿದ್ರು. ಚೆನ್ನಾಗಿ ಕಾಣ್ತಿದೆ ಅಂದೆ. ನಕ್ಕರು. ಮಧ್ಯೆ ಆರಾಮಾಗಿದ್ದೆ ಅಂದ್ರು. ನಂಬದೆ ಇರೋಕೆ ಕಾರಣ ಏನಿತ್ತು?” ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. “ನಾನೇನಾದ್ರೂ ತಪ್ಪು ಬರೆದಿದ್ದೀನಾ?”

“ಅದನ್ನ ನಾನು ಹೇಳೋ ಹಾಗಿಲ್ಲ. ಆ ಮಧ್ಯದ ತಿಂಗಳುಗಳ ಬಗ್ಗೆ ಇನ್ನೊಂದ್ಸಲ ವಿಚಾರಿಸ್ತೀರಾ ಅಂತ ಕೇಳೋಕೆ ಬಂದೆ. ವಿಚಾರಿಸಿದ ಮೇಲೆ ನಿಮಗೆ ಏನು ಅನ್ಸುತ್ತೋ ಅದು. ಬದಲಾಯಿಸಿ ಅಂತಾನೂ ಅಲ್ಲ, ಬೇಡ ಅಂತಾನೂ ಅಲ್ಲ.”

“ಎಲ್ಲಿಂದ ಶುರು ಮಾಡ್ಲಿ? ಹೇಗಿದ್ರಿ ಅಂದ್ರೆ ಚೆನ್ನಾಗಿದ್ದೆ ಅಂತಾರೆ.”

“ಹೇಗಿದ್ರಿ ಅಂತ ಕೇಳಬೇಡಿ. ಕೂದಲು ಕತ್ತರಿಸಿದ್ದು ಯಾರು ಅಂತ ಕೇಳಿ.”

ಡಾಕ್ಟ್ರಮ್ಮ ಹುಬ್ಬೇರಿಸಿದರು. ಡೈಲಾಗ್ ಎರಡೂ ಹುಬ್ಬು ಏರಿಸಿದ.

ದಂಪತಿ ಒಳಗೆ ಬಂದರು. ಮೇಡಂ ಎದ್ದು ಹೊರಡಲು ಅನುವಾದರು. ಕ್ರೇನಿನ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

“ನೀವಿರಿ. ಇವನೂ ಇರ್ಲಿ. ಇವನ ಹೆಸರೇ ತಾನೆ ಬಿಲ್ಲಲ್ಲಿರೋದು? ಏನಾಗುತ್ತೋ ಇವನ ಕಣ್ಣೆದುರೇ ಆಗ್ಲಿ.”

ಡಾಕ್ಟ್ರಮ್ಮ ಒಪ್ಪಿದರು. ಅವಳು ಕುರ್ಚಿಯಲ್ಲಿ ಕೂತಳು. ಡಾಕ್ಟ್ರಮ್ಮ ತಮ್ಮ ಜಾಗ ಬಿಟ್ಟೆದ್ದು, ಮೇಜು ಸುತ್ತಿ ಬಂದು ಅವಳೆದುರಿಗೇ ರೋಗಿಗಳನ್ನು ಪರೀಕ್ಷಿಸುವ ಮಂಚದ ಅಂಚಿನಲ್ಲಿ ಕೂತರು.

“ಜಡೆ ಕತ್ತರಿಸಿದ್ದು ಯಾರು?”

ಅವಳ ಕೈ ತಟ್ಟನೆ ಬಲಗಿವಿಯ ಹಿಂದಕ್ಕೆ ಹೋಯಿತು.

“ಇವ್ರೇ.”

“ಯಾವಾಗ?”

“ಬಂದರು ತೆರೆಯೋ ಹಿಂದಿನ ವಾರ.”

“ಯಾಕೆ?”

“ಸೆಖೆ…” ಎಂದು ಗಂಡ ಶುರು ಮಾಡಿದ. ಮುಂದುವರಿಯಲಿಲ್ಲ. ಅವನ ಕೈ ಜೇಬಿನ ಬಾಚಣಿಗೆಯನ್ನು ಹುಡುಕಿ, ಹಿಡಿದು, ಬಿಟ್ಟಿತು.

“ಹೇಳಬೇಡಿ,” ಎಂದಳು ಅವಳು ಮೆಲ್ಲನೆ. “ಹೇಳಿದ್ರೆ ನಾನು ಕೆಟ್ಟೆ. ನಾಳೆ ಕಮಿಟಿ ಇದೆ.”

“ಇಲ್ಲ ಕಣೇ. ನನ್ನ ಕೈಲಿ ಇನ್ನು ಆಗಲ್ಲ.” ಗಂಡ ಡಾಕ್ಟರ ಕಡೆ ತಿರುಗಿದ. “ಬಾಚಣಿಗೆ ಇಳೀಲಿಲ್ಲ ಡಾಕ್ಟ್ರೇ. ಇಪ್ಪತ್ತು ವರ್ಷದಿಂದ ಊರಿನವರ ತಲೆಯೆಲ್ಲಾ ನೋಡಿದ್ದೀನಿ. ಮನೇಲಿ ಇವಳ ತಲೆ ಮುಟ್ಟೋಕೆ ಬಿಡಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದವಳು ಆ ಮಗ್ಗುಲು ಬಿಟ್ಟೇಳಲಿಲ್ಲ. ತುತ್ತು ಮಾಡಿ ಬಾಯಿಗಿಟ್ರೆ ಎರಡು ಅಗೀತಿದ್ಲು. ಸ್ನಾನ ಅಂದ್ರೆ ಅಳು. ಆಸ್ಪತ್ರೆ ಅಂದ್ರೆ ಅದಕ್ಕೂ ಅಳು. ಕೊನೆಗೆ ಕೂದಲು ಕಂಬಳಿ ಥರ ಗಂಟಾಗಿತ್ತು. ಕತ್ತರಿ ಹಾಕದೆ ಬೇರೆ ದಾರಿನೇ ಇರಲಿಲ್ಲ.”

ಡಾಕ್ಟ್ರಮ್ಮ ಅವಳನ್ನೇ ನೋಡುತ್ತಿದ್ದರು. ಗಂಡ ಹೇಳಿದ್ದು ಆಯಿತು. ಇನ್ನು ಅವಳು ಹೇಳಬೇಕಿತ್ತು.

ಅವಳು ಹೆಲ್ಮೆಟ್ಟನ್ನು ತೊಡೆಯಿಂದ ಎತ್ತಿ ಮೇಜಿನ ಮೇಲೆ ಇಟ್ಟಳು. ಒಪ್ಪಿಸಿದಂತೆ ಇಟ್ಟಳು.

“ಹೌದು. ಮಲಗಿದ್ದೆ. ಒಂದು ದಿನಾನೂ ಚೆನ್ನಾಗಿರಲಿಲ್ಲ. ಬಂದರು ತೆರೆದ್ರು ಅಂತ ಗೊತ್ತಾದಾಗ ಹೇಗೋ ಎದ್ದು ಬಂದೆ. ಮೂರು ತಿಂಗಳು ಹಾಸಿಗೆ ಹಿಡಿದಿದ್ದೋಳಿಗೆ ಯಾರು ಕ್ರೇನ್ ಕೊಡ್ತಾರೆ ಅಂತ ಸುಳ್ಳು ಹೇಳಿದೆ. ಬರ್ಕೊಳ್ಳಿ ಡಾಕ್ಟ್ರೇ. ಕ್ರೇನ್ ಹೋದ್ರೆ ಹೋಗ್ಲಿ. ಈ ಮನುಷ್ಯನ ಕೈಲಿ ಇನ್ನೂ ಸುಳ್ಳು ಹೇಳಿಸೋಕೆ ನನ್ನಿಂದ ಆಗಲ್ಲ.”

ಡೈಲಾಗ್‌ಗೆ ಕೂಗಬೇಕೆನಿಸಿತು. ಹೋಗಲ್ಲ ಅಕ್ಕಾ, ಈಗಲೇ ಉಳಿದದ್ದು! ಅವನು ಕೆಳತುಟಿ ಕಚ್ಚಿಕೊಂಡ. ಜೀವಮಾನದಲ್ಲೇ ಇಷ್ಟು ಹೊತ್ತು ಬಾಯಿ ಮುಚ್ಚಿದವನಲ್ಲ.

ಡಾಕ್ಟ್ರಮ್ಮ ಕೇಳತೊಡಗಿದರು. ನಿದ್ದೆ, ಊಟ, ಅಳು, ಸಾಯಬೇಕೆನಿಸಿದ್ದುಂಟೇ, ನಡುವೆ ಒಂದು ವಾರವಾದರೂ ಹಗುರಾಗಿದ್ದುಂಟೇ. ಅವಳು ಒಂದೊಂದಕ್ಕೂ ನಿಧಾನವಾಗಿ ಉತ್ತರಿಸಿದಳು. ಗಂಡ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಡಾಕ್ಟ್ರಮ್ಮ ತಮ್ಮ ಜಾಗಕ್ಕೆ ಮರಳಿ ಬರೆದರು. ಬರೆದದ್ದನ್ನು ಅವಳಿಗೇ ಓದಿ ಹೇಳಿದರು. ಕಾಯಿಲೆ ಹೋದ ವರ್ಷ ಶುರುವಾದದ್ದೇ. ನಡುವೆ ಬಿಟ್ಟಿಲ್ಲ. ಇದು ಎರಡನೆಯದಲ್ಲ, ಮೊದಲನೆಯದೇ ಇನ್ನೂ ಮುಗಿದಿಲ್ಲ.

“ಅಂದ್ರೆ?” ಅವಳು ಕೇಳಿದಳು.

ಈಗ ಮೇಡಂ ಬಾಯಿ ಬಿಟ್ಟರು. “ಅಂದ್ರೆ ಒಂದೇ ಸಲದ್ದು. ಮೂವತ್ತೆರಡು.”

ಅವಳು ಡಾಕ್ಟರನ್ನು ನೋಡಿದಳು, ಗಂಡನನ್ನು ನೋಡಿದಳು, ಕೊನೆಗೆ ಡೈಲಾಗ್‌ನನ್ನು ನೋಡಿದಳು. ಅವನು ಜೋರಾಗಿ ತಲೆಯಾಡಿಸುತ್ತಿದ್ದ.

“ಕಾಯಿಲೆ ಬಿದ್ದಿದ್ದೆ ಅಂದ್ರೆ ಕ್ರೇನ್ ಉಳಿಯುತ್ತಾ? ಚೆನ್ನಾಗಿದ್ದೆ ಅಂದಿದ್ದಕ್ಕೆ ಹೋಗ್ತಿತ್ತಾ? ಇದೆಂಥಾ ಉಲ್ಟಾ ನ್ಯಾಯ!”

“ಬೆಂಕಿ ಆರಿ ಮತ್ತೆ ಹತ್ಕೊಳ್ಳೋದು ಬೇರೆ, ಒಂದೇ ಬೆಂಕಿ ಆರದೆ ಉರೀತಿರೋದು ಬೇರೆ. ಆರಿತ್ತು ಅಂತ ನೀವು ಹೇಳಿದ್ರಿ. ಅದಕ್ಕೇ ಅವರು ಎರಡು ಸಲ ಅಂತ ಎಣಿಸಿದ್ರು.” ಮೇಡಂ ಕನ್ನಡಕ ಒರೆಸಿದರು. “ಯಾರ ಕೈಚಳಕ ಅಂತ ಕೇಳಿದ್ರಿ ನೀವು. ಬೆರಳು ಒತ್ತಿದ್ದು ಮೇಷ್ಟ್ರು. ಆದ್ರೆ ಅವರು ಡಾಕ್ಟ್ರು ಬರೆದಿದ್ದನ್ನ ಒತ್ತಿದ್ರು. ಡಾಕ್ಟ್ರು ನೀವು ಹೇಳಿದ್ದನ್ನ ಬರೆದ್ರು. ಮೂವತ್ತಮೂರು ಹಾಕಿದ್ದು ನೀವೇ ಅಮ್ಮ.”

ಅವಳು ಮೇಜಿನ ಮೇಲಿನ ಹೆಲ್ಮೆಟ್ಟನ್ನು ಮತ್ತೆ ತೊಡೆಗೆ ಎಳೆದುಕೊಂಡಳು.

“ನಿಮಗೆ ಹೇಗೆ ಗೊತ್ತಾಯ್ತು?” ಗಂಡ ಕೇಳಿದ.

“ನೀವು ಈ ಹುಡುಗನ ಬೈತಲೆಗೆ ತಪ್ಪು ಹಿಡಿದ್ರಿ. ಕಾಳಿನಷ್ಟು ಸೊಟ್ಟ ಇದ್ದದ್ದು ನಿಮ್ಮ ಕಣ್ಣಿಗೆ ಚುಚ್ಚಿತು. ಅಂಥೋರ ಹೆಂಡತಿ ತಲೆ ಒಂದೇ ಕಡೆ ಇಲಿ ಕಡಿದ ಹಾಗೆ! ಸೆಖೆಗೆ ಕತ್ತರಿಸಿದ್ರೆ ನಿಮ್ಮ ಕೈ ಎರಡೂ ಕಡೆ ಸಮ ಮಾಡ್ದೆ ಬಿಡ್ತಿತ್ತಾ? ಸಮ ಮಾಡೋಕೆ ಅಲ್ಲಿ ಏನೂ ಉಳಿದಿರಲಿಲ್ಲ. ಒಂದೇ ಮಗ್ಗುಲಿಗೆ ವಾರಗಟ್ಟಲೆ ಮಲಗಿದೋರ ಕೂದಲು ಮಾತ್ರ ಒಂದೇ ಕಡೆ ಗಂಟು ಕಟ್ಟುತ್ತೆ. ಕಿವಿ ಹಿಂದಿನ ಮೊಂಡು ಇನ್ನೂ ಬೆಳೆದಿಲ್ಲ, ಕತ್ತರಿ ಬಿದ್ದು ಹೆಚ್ಚು ದಿನ ಆಗಿಲ್ಲ. ಅಂದ್ರೆ ಗಂಟು ಕಟ್ಟಿದ್ದು ಆ ಖಾಲಿ ತಿಂಗಳುಗಳಲ್ಲೇ.” ಡಾಕ್ಟರ ಕಡೆ ತಿರುಗಿದರು. “ನಿಮ್ಮ ತಪ್ಪಲ್ಲ. ಈ ಕುರ್ಚಿಯಲ್ಲಿ ಕೂತ್ರೆ ಬಲಗಡೆ ಗೋಡೆಗೆ ಮಾತ್ರ ಕಾಣೋದು.”

ಡಾಕ್ಟ್ರಮ್ಮ ಆ ಕುರ್ಚಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೇಳಿದರು, “ಒಂದು ಮಾತು. ಮೂವತ್ತೆರಡು ಅಂದ್ರೆ ನಾಳೆಯೇ ಹತ್ತಿ ಅಂತ ಅಲ್ಲ. ನಿಮಗೆ ಇನ್ನೂ ವಾಸಿಯಾಗಿಲ್ಲ. ಈಗ ನಾನು ಸಹಿ ಹಾಕಲ್ಲ.”

“ಎಷ್ಟು ದಿನ?”

“ಗೊತ್ತಿಲ್ಲ. ನಿಜ ಹೇಳ್ತಾ ಹೋದ್ರೆ ಬೇಗ ಗೊತ್ತಾಗುತ್ತೆ.”

ಹೊರಗೆ ಬಂದಾಗ ಮೇಷ್ಟ್ರು ಕಾಯುತ್ತಿದ್ದರು. ಹೊಸ ಟಿಪ್ಪಣಿಯನ್ನು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಓದಿದರು. ಎರಡನೇ ಸಲ ಓದಿದರು. ಆಮೇಲೆ ತಮ್ಮದೇ ಹೆಸರಲ್ಲಿ ಒಳಹೋಗಿ, ತಮ್ಮದೇ ಕೈಯಿಂದ ಕೋಡ್ ತಿದ್ದಿ, ಬಂದರಿನ ಕಚೇರಿಗೆ ಕಳಿಸಿದರು.

“ನೋಡಿದ್ರಾ ಮೇಷ್ಟ್ರೇ?” ಡೈಲಾಗ್ ಕಾಲರ್ ಎತ್ತಿದ. “ಮೊದಲ ದಿನವೇ ಸರಿಯಾಗಿ ಹಾಕಿದ್ದು ಯಾರು?”

“ನೀನು ಓದದೆ ಹಾಕಿ ಸರಿಯಾದೆ. ಅವರು ಓದಿ ಹಾಕಿ ತಪ್ಪಾದ್ರು,” ಎಂದರು ಮೇಡಂ. “ನಾಳೆ ನನ್ನ ಬಿಲ್ಲು ಯಾರಾದ್ರೂ ನೋಡಬೇಕು ಅಂದ್ರೆ ನಾನು ಅವರಿಗೇ ಕೊಡ್ತೀನಿ. ನಿಂಗಲ್ಲ.”

ಕ್ಯಾಷ್ ಕೌಂಟರಿನಾಕೆ ಚಪ್ಪಾಳೆ ತಟ್ಟಿದಳು. ಡೈಲಾಗ್ ಕಾಲರ್ ಇಳಿಸಿದ.

ಮರುದಿನ ಮಧ್ಯಾಹ್ನ ಸಲೂನಿನಿಂದ ಫೋನು ಬಂತು. ಕಮಿಟಿ ಅವಳ ಹೆಸರು ಉಳಿಸಿಕೊಂಡಿದೆ. ಡಾಕ್ಟರು ಸಹಿ ಹಾಕುವವರೆಗೆ ಅವಳ ಕ್ರೇನನ್ನು ಬೇರೊಬ್ಬ ಓಡಿಸುತ್ತಾನೆ. ಸಹಿಯಾದ ದಿನ ಅವನು ಇಳಿಯಬೇಕು.

ಮುಂದಿನ ವಾರ ಅವಳೇ ಬಂದಳು, ಗಂಡನ ಜೊತೆ. ಡಾಕ್ಟರ ಸರದಿಗೆ ಚೀಟಿ ತೆಗೆದುಕೊಳ್ಳಲು ಕೌಂಟರಿನ ಮುಂದೆ ನಿಂತಳು. ಡೈಲಾಗ್ ಎದ್ದು ಎರಡೂ ಕೈ ಚಾಚಿದ.

“ಏನಕ್ಕಾ! ಹೇಗಿದ್ದೀರಾ? ಸೂಪರ್ ತಾನೆ?”

ಅವಳು ಅಭ್ಯಾಸಬಲದಿಂದ ಬಾಯಿ ತೆರೆದಳು. ತೆರೆದ ಬಾಯಿ ಅಲ್ಲೇ ನಿಂತಿತು. ಗಂಡ ಅವಳನ್ನೇ ನೋಡುತ್ತಿದ್ದ.

“ಇಲ್ಲ ಕಣೋ,” ಎಂದಳು. “ಇವತ್ತು ಚೆನ್ನಾಗಿಲ್ಲ.”

ಚೀಟಿ ತೆಗೆದುಕೊಂಡು ಹೋಗಿ ಸರದಿಯಲ್ಲಿ ಕೂತಳು.